ಸೊಂಡಿಲು ನಿಲ್ಲುವ ಹದ: ಕಬ್ಬಾಳಿನ ಸಂಕ್ರಾಂತಿ ಟಿಪ್ಪಣಿಗಳು

ಕಬ್ಬಾಳಿನ ಸುತ್ತ ಈಗ ರಾಗಿ ಒಕ್ಕಣೆ ಮುಗಿಯುತ್ತಾ ಬಂದಿದೆ. ಮನೆ ಪಕ್ಕದಲ್ಲಿ ಹುಲ್ಲಿನ ಮೆದೆ, ಜಗಲಿಯಲ್ಲಿ ಹುರುಳಿ, ಬೀದಿ ತುಂಬ ಅವರೆಕಾಯಿ ಸೊಗಡು. ಈ ಸೀಮೆಯ ಸುಗ್ಗಿಯಲ್ಲಿ ಸಕ್ಕರೆಗೆ ಜಾಗವೇ ಇಲ್ಲ. ಸಿಹಿ ಎಂದರೆ ಬೆಲ್ಲ. ಪಾಯಸಕ್ಕೂ ಬೆಲ್ಲ, ಒಬ್ಬಟ್ಟಿಗೂ ಬೆಲ್ಲ. ಹಾಗಿದ್ದೂ ಸಂಕ್ರಾಂತಿಯ ತಟ್ಟೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೆಳ್ಳನೆಯ ಸಕ್ಕರೆ ಅಚ್ಚು. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಸಣ್ಣಗೆ ಹೆಚ್ಚಿದ ಬೆಲ್ಲ ಇವೆಲ್ಲ ಪೊಟ್ಟಣದೊಳಗೆ ಸೇರುತ್ತವೆ. ಆನೆ, ಗಿಳಿ, ಗೋಪುರ ಮಾತ್ರ ಪೊಟ್ಟಣದ ಮೇಲೆ. ಅಂಗಡಿಯಿಂದ ಕೊಂಡು ತಂದದ್ದು ಹೊಲದಲ್ಲಿ ಬೆಳೆದದ್ದರ ತಲೆಯ ಮೇಲೆ ಹೇಗೆ ಹತ್ತಿ ಕುಳಿತಿತು?

*

ಇಳಿದುಕೊಂಡಿರುವ ಮನೆಯ ಅಜ್ಜಿಯನ್ನು ಕೇಳಿದೆ. "ನಾನು ಮದ್ವೆಯಾಗಿ ಬಂದಾಗ ಇವೆಲ್ಲ ಎಲ್ಲಿದ್ವಪ್ಪ? ದನಿನ್ ಮೈ ತೊಳ್ದು ಕಿಚ್ಚು ಹಾಯ್ಸುದ್ರೆ ಅದೇ ಹಬ್ಬ. ಅಚ್ಚು ತಂದೋಳು ಇವ್ಳು" ಎಂದು ಸೊಸೆಯ ಕಡೆ ಕೈ ತೋರಿಸಿದರು. ಸೊಸೆ ಕನಕಪುರ ಪೇಟೆಯವರು. ಅವರ ತಾಯಿ ಮಗಳ ಜತೆ ಕಳಿಸಿದ ತಗಡಿನ ಪೆಟ್ಟಿಗೆಯಲ್ಲಿ ಮರದ ಅಚ್ಚುಗಳೂ ಇದ್ದವಂತೆ.

ಒಂದೇ ಅಂಗಳದಲ್ಲಿ ಎರಡು ಸಂಕ್ರಾಂತಿ. ಹೊರಗೆ ಗಂಡಸರು, ಹುಡುಗರು: ದನಗಳಿಗೆ ಸ್ನಾನ, ಕೊಂಬಿಗೆ ಬಣ್ಣ, ಕೊರಳಿಗೆ ಹೂವಿನ ಹಾರ, ಸಂಜೆ ಉರಿಯುವ ಹುಲ್ಲಿನ ಮೇಲೆ ಓಟ. ಒಳಗೆ ಹೆಂಗಸರು, ಹೆಣ್ಣುಮಕ್ಕಳು: ಎಳ್ಳು ಹುರಿಯುವುದು, ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಹೋಳು ಮಾಡುವುದು, ಪಾಕ ಇಡುವುದು. ಎರಡರಲ್ಲೂ ಬೆಂಕಿ ಇದೆ. ಎರಡರಲ್ಲೂ ಒಂದು ಗಳಿಗೆ ತಡವಾದರೆ ಕೆಲಸ ಕೆಡುತ್ತದೆ. ಕಿಚ್ಚು ಹಾಯಿಸುವುದನ್ನು ನೋಡಲು ಊರೇ ಸೇರುತ್ತದೆ, ಚಿತ್ರ ತೆಗೆಯಲು ಪತ್ರಿಕೆಯವರೂ ಬರುತ್ತಾರೆ. ಒಳಗಿನ ಕೆಲಸವನ್ನು ಯಾರೂ ನಿಂತು ನೋಡುವುದಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತೆ.

*

ಜಗಲಿಯಿಂದಲೇ ಕಬ್ಬಾಳದುರ್ಗ ಕಾಣುತ್ತದೆ, ಒಂದೇ ಬಂಡೆಯ ಕಡಿದಾದ ಬೆಟ್ಟ. ಟಿಪ್ಪು ಸುಲ್ತಾನ್ ಅದಕ್ಕೆ ಜಾಫರಾಬಾದ್ ಎಂದು ಹೆಸರಿಟ್ಟಿದ್ದ. ಮೈಸೂರಿನ ಅರಸರ ಕಾಲದಲ್ಲಿ ಅದು ಸೆರೆಮನೆ ಎಂದೇ ಹೆಸರಾಗಿತ್ತು. ಅದೇ ಕಾಲದಲ್ಲಿ, ಇಲ್ಲಿಗೆ ದೂರವೇನೂ ಅಲ್ಲದ ಚನ್ನಪಟ್ಟಣದಲ್ಲಿ ಬಹಳ ಸೊಗಸಾದ ಬಿಳಿ ಸಕ್ಕರೆ ತಯಾರಾಗುತ್ತಿತ್ತು. 1800ರಲ್ಲಿ ಈ ದಾರಿಯಲ್ಲಿ ಹೋದ ಪ್ರವಾಸಿ ಫ್ರಾನ್ಸಿಸ್ ಬುಕಾನನ್, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ಜತೆಗೆ ಈ ಸಕ್ಕರೆಯ ವಿಚಾರವನ್ನೂ ಬರೆದಿಟ್ಟಿದ್ದಾನೆ. ಆ ಕಲೆ ಮನೆತನದೊಳಗೆ ಗುಟ್ಟಾಗಿ ಉಳಿದಿತ್ತು.

ಗುಟ್ಟಿನ ವಸ್ತು ಬೆಟ್ಟದ ಕೆಳಗಿನ ಒಕ್ಕಲು ಮನೆಗೆ ಬರುವುದಿಲ್ಲ. ಬರಲು ಕನ್ನಂಬಾಡಿ ಕಟ್ಟೆ ಬೇಕಾಯಿತು, ನಾಲೆ ಬೇಕಾಯಿತು, ಮಂಡ್ಯದ ಗದ್ದೆಗಳಲ್ಲಿ ಕಬ್ಬು ಏಳಬೇಕಾಯಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅಜ್ಜಿ ಮದುವೆಯಾಗಿ ಬಂದಾಗ ಇಲ್ಲದ್ದು ಸೊಸೆಯ ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಅರ್ಧ ಕಾರಣ ಇಲ್ಲಿ ಸಿಕ್ಕಿತು ಎಂದುಕೊಂಡಿದ್ದೇನೆ. ಸಕ್ಕರೆ ಸಿಕ್ಕಿದ ಮಾತ್ರಕ್ಕೆ ಆನೆಯನ್ನೇಕೆ ಮಾಡಬೇಕು ಎಂಬ ಉಳಿದರ್ಧ ಹಾಗೇ ಇದೆ.

*

ಪೆಟ್ಟಿಗೆಯಲ್ಲಿದ್ದವು: ಆನೆ, ಗಿಳಿ, ನವಿಲು, ಮೀನು, ಬಾಳೆಗೊನೆ, ತುಳಸಿಕಟ್ಟೆ, ದೇವಸ್ಥಾನದ ಗೋಪುರ. ಪ್ರತಿಯೊಂದೂ ಎರಡು ಹೋಳು. ಒಂದು ಹೋಳಿನ ಮೂಲೆಗಳಲ್ಲಿ ಪುಟ್ಟ ಗೂಟಗಳು, ಇನ್ನೊಂದರಲ್ಲಿ ಅವಕ್ಕೆ ತಕ್ಕ ತೂತುಗಳು. ಸೇರಿಸಿದರೆ ಉಗುರು ತೂರಿಸುವಷ್ಟೂ ಸಂದಿ ಇಲ್ಲ.

ನವಿಲಿನ ಹೋಳನ್ನು ಬೆಳಕಿಗೆ ಹಿಡಿದು ನೋಡಿದೆ. ಗರಿಯ ಒಂದೊಂದು ಗೆರೆಯೂ ಹಳ್ಳ. ಕಣ್ಣು ಇನ್ನೂ ಆಳದ ಹಳ್ಳ. ಉಬ್ಬಬೇಕಾದದ್ದೆಲ್ಲ ಇಲ್ಲಿ ತಗ್ಗು, ತಗ್ಗಬೇಕಾದದ್ದು ಉಬ್ಬು, ಎಡದ್ದು ಬಲಕ್ಕೆ. ಕೆತ್ತಿದವನು ಇಲ್ಲದ ನವಿಲಿನ ಜಾಗದಿಂದ ಮರ ತೆಗೆಯುತ್ತಾ ಹೋಗಿದ್ದಾನೆ. ಇದಕ್ಕೆ ಎಷ್ಟು ಅಭ್ಯಾಸ ಬೇಕೋ!

*

ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರೊಬ್ಬರನ್ನು ಕೇಳಿದೆ: ಇಂಥ ಅಚ್ಚು ಇಲ್ಲಿ ಆಗುತ್ತದೆಯೇ? ಆಗುವುದಿಲ್ಲ ಎಂದರು. ಅವರ ಕೆಲಸ ಕಡೆಯುವುದು. ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುತ್ತದೆ, ಉಳಿ ಒಂದೇ ಕಡೆ ನಿಂತಿರುತ್ತದೆ, ಬರುವುದೆಲ್ಲ ದುಂಡು. ಆಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಕಾವಿಗೆ ಅರಗು ಕರಗಿ ಹರಡುತ್ತದೆ, ತಾಳೆಗರಿ ಹಿಡಿದರೆ ಹೊಳಪು. ಅಚ್ಚಿನಲ್ಲಿ ಮರ ಕದಲುವುದಿಲ್ಲ, ಕೈ ತಿರುಗಬೇಕು. ಮರಕ್ಕೆ ಇಷ್ಟು ಹೆಸರಾದ ಊರು ಪಕ್ಕದಲ್ಲಿದ್ದೂ ಸಕ್ಕರೆ ಅಚ್ಚು ಅಲ್ಲಿ ಹುಟ್ಟಲಿಲ್ಲವೇಕೆ ಎಂದು ತಲೆಕೆಡಿಸಿಕೊಂಡಿದ್ದೆ. ಅದು ಬೇರೆಯೇ ಕೈಯ ಕೆಲಸ ಎಂದು ಈಗ ತಿಳಿಯಿತು.

*

ಪಾಕದ ದಿನ.

ಅಚ್ಚುಗಳು ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆದಿದ್ದವು. ಬೆಳಿಗ್ಗೆ ತೆಗೆದು ಒರೆಸಿ, ಹೋಳು ಕೂಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ತಾಂಬಾಳದಲ್ಲಿ ಸಾಲಾಗಿ ನಿಲ್ಲಿಸಿದರು. ಪಾಕ ಹೊಯ್ಯುವ ಬಾಯಿ ಇರುವುದು ಆನೆಯ ಪಾದದ ಕಡೆ. ಹಾಗಾಗಿ ಆನೆ ಹುಟ್ಟುವುದು ಕಾಲು ಮೇಲಾಗಿ.

ನೆನೆಸುವುದೇಕೆ? "ನೆನ್ಸಿಲ್ಲ ಅಂದ್ರೆ ಕಚ್ಕೊಳ್ತದೆ ಕಣಣ್ಣ" ಎಂದರು ಸೊಸೆ. ಯೋಚಿಸಿದರೆ ಸರಿಯಾಗಿದೆ. ಒಣಮರದ ಸಣ್ಣ ಸಣ್ಣ ರಂಧ್ರಗಳು ಬಿಸಿ ಪಾಕವನ್ನು ಹೀರುತ್ತವೆ, ಅಲ್ಲೇ ಸಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲೇ ನೀರು ಕುಡಿದ ಮರಕ್ಕೆ ಹೀರಲು ಜಾಗವಿಲ್ಲ. ಮೇಲಾಗಿ ನೆನೆದ ಮರ ಊದಿ ಸಂದಿ ಮುಚ್ಚುತ್ತದೆ.

ಒಂದು ಕೆಜಿ ಸಕ್ಕರೆ, ಅದು ಮುಳುಗುವಷ್ಟು ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಹಾಲು ಬಿದ್ದ ಕೂಡಲೇ ಅಂಚಿನಲ್ಲಿ ಬೂದು ಬಣ್ಣದ ನೊರೆ ಎದ್ದಿತು. ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲಿದರು, ಮತ್ತೆ ಎದ್ದಿತು, ಮತ್ತೆ ತೆಗೆದರು. ಕಣ್ಣಿಗೆ ಬೆಳ್ಳಗೇ ಕಾಣುವ ಸಕ್ಕರೆಯಲ್ಲಿ ಇಷ್ಟು ಕೊಳೆ ಇತ್ತೇ ಎಂದು ಬೆರಗಾಯಿತು. ಬಿಸಿಗೆ ಹಾಲು ಒಡೆದಾಗ ಅದರ ಗಷ್ಟು ಕಣ್ಣಿಗೆ ಕಾಣದ ಕಸವನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಸೋಸಿದ ಮೇಲೆ ಪಾಕ ತಿಳಿನೀರಾಯಿತು. ಹಾಲು ಬೆಳ್ಳಗೆ ಮಾಡಲೆಂದು ಹಾಕುತ್ತಾರೆ ಅಂದುಕೊಂಡಿದ್ದವರು ಆ ಬಾಣಲೆಗೆ ಇಣುಕಿ ನೋಡಬೇಕು. ಹಾಲು ಹಾಕುವುದೂ ತೆಗೆಯಲೆಂದೇ.

ಆಮೇಲೆ ನಿಂಬೆರಸ, ಹನಿಗಳ ಲೆಕ್ಕದಲ್ಲಿ. ಸೊಸೆಗೆ ಅದರ ಬಗ್ಗೆ ಬಹಳ ಎಚ್ಚರ. ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ. ಅವು ಸಕ್ಕರೆಯ ಹರಳು ದಪ್ಪ ಬೆಳೆಯದಂತೆ ಅಡ್ಡ ನಿಲ್ಲುತ್ತವೆ. ಹನಿ ಬಿದ್ದರೆ ಅಚ್ಚು ನುಣುಪು; ಹೆಚ್ಚು ಬಿದ್ದರೆ ಹರಳೇ ಕಟ್ಟದೆ ಜಿಗುಟಾಗಿ ಉಳಿಯುತ್ತದೆ.

ಸೋಸಿದ ಪಾಕವನ್ನೆಲ್ಲ ಒಟ್ಟಿಗೆ ಕಾಯಿಸುವುದಿಲ್ಲ. ಎರಡು ಸೌಟು ಮಾತ್ರ ಚಿಕ್ಕ ಬಾಣಲೆಗೆ. ಕುದಿಸಿ, ಬೆರಳ ನಡುವೆ ಹಿಡಿದು ಎಳೆ ನೋಡಿ, ಒಲೆಯಿಂದ ಇಳಿಸಿ, ಕೈಯಾಡಿಸಲು ತೊಡಗಿದರು. ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದರೂ ಹಿಡಿಯಲಾಗಲಿಲ್ಲ. ಪಾಕ ತಿಳಿಯಾಗಿರುತ್ತದೆ, ತಿಳಿಯಾಗಿಯೇ ಇರುತ್ತದೆ, ಸೌಟಿನ ಹಿಂದೆ ಒಂದು ಮಬ್ಬು ಗೆರೆ ಏಳುತ್ತದೆ, ಮರುಗಳಿಗೆ ಬಾಣಲೆಯೆಲ್ಲ ಬೆಳ್ಳಗೆ. ಅಷ್ಟರಲ್ಲಿ ಅವರ ಕೈ ಅಚ್ಚಿನ ಬಾಯಿಗೆ ಹೋಗಿ ಹೊಯ್ದಾಗಿರುತ್ತದೆ. ಮೂರು ಅಚ್ಚು ತುಂಬುವಷ್ಟರಲ್ಲಿ ಬಾಣಲೆಯಲ್ಲಿ ಉಳಿದದ್ದು ಕಲ್ಲು.

ವಿಜ್ಞಾನದ ಲೆಕ್ಕ ಹೀಗೆ. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. 100 ಡಿಗ್ರಿಯಲ್ಲಿ ಸುಮಾರು 480 ಗ್ರಾಂ. ಕುದಿದು ಮಂದವಾದ ಪಾಕ ಆರುತ್ತಾ ಬಂದಂತೆ ಅದರಲ್ಲಿ ಇರಬಾರದಷ್ಟು ಸಕ್ಕರೆ ಇರುತ್ತದೆ, ಹೊರಬರಲು ಕಾಯುತ್ತಿರುತ್ತದೆ. ಸೌಟು ಆಡಿಸಿದಾಗ ಎಲ್ಲೋ ಒಂದು ಹರಳು ಹುಟ್ಟುತ್ತದೆ, ಅದರ ಹಿಂದೆ ಲಕ್ಷಾಂತರ. ಬಿಳುಪು ಬಂದದ್ದು ಬಣ್ಣದಿಂದಲ್ಲ, ಅಷ್ಟೊಂದು ಸಣ್ಣ ಹರಳುಗಳಲ್ಲಿ ಬೆಳಕು ಚದುರಿದ್ದರಿಂದ. ಬೇಗ ಹೊಯ್ದರೆ ಹರಳು ಸಾಲದೆ ಗಿಳಿ ಮರಕ್ಕೆ ಅಂಟುತ್ತದೆ. ತಡವಾದರೆ ಸಣ್ಣ ಸಂದಿಗಳಿಗೆ ಇಳಿಯುವ ಮೊದಲೇ ಗಟ್ಟಿಯಾಗಿ ಸೊಂಡಿಲಿಲ್ಲದ ಆನೆ ಬರುತ್ತದೆ.

ಇಷ್ಟು ತಿಳಿದ ಮೇಲೂ ಆ ಗಳಿಗೆ ಅವರಿಗೆ ಹೇಗೆ ಮೊದಲೇ ಗೊತ್ತಾಗುತ್ತದೆ ಎಂಬುದು ನನಗೆ ತಿಳಿದಿಲ್ಲ. ಕೇಳಿದರೆ "ಸೌಟು ಹೇಳ್ತದೆ" ಎಂದರು. ಕೈಗೆ ತಗಲುವ ಭಾರವೋ, ಬಾಣಲೆಯ ತಳದ ಸದ್ದೋ? ನನ್ನ ಕೈಗೂ ಸೌಟು ಕೊಟ್ಟರು. ಭಾರ ಹೆಚ್ಚುವುದು ತಿಳಿಯಿತು, ಆದರೆ ತಿಳಿದದ್ದು ಬೆಳ್ಳಗಾದ ಮೇಲೆ. ಅವರಿಗೆ ತಿಳಿಯುವುದು ಅದಕ್ಕೆ ಮೊದಲು.

*

ಅಚ್ಚು ಬಿಡಿಸುವ ಕೆಲಸ ದೊಡ್ಡ ಹುಡುಗಿಯದು. ರಬ್ಬರ್ ಬ್ಯಾಂಡ್ ತೆಗೆದು, ಅಂಗೈಯಲ್ಲಿಟ್ಟು ಮೆಲ್ಲಗೆ ತಟ್ಟುತ್ತಾಳೆ, ಮೇಲಿನ ಹೋಳನ್ನು ನೇರಕ್ಕೆ ಎತ್ತುತ್ತಾಳೆ. ಓರೆ ಮಾಡಿದರೆ ಗಿಳಿಯ ಕೊಕ್ಕು ಹೋಗುತ್ತದೆ. ಹೋಳು ಕೂಡಿದ ಕಡೆ ತೆಳ್ಳನೆಯ ಒಂದು ಏಣು ಉಳಿದಿರುತ್ತದೆ. ಅದನ್ನು ಚಾಕುವಿನ ತುದಿಯಿಂದ ಕೆರೆದು ಸಮ ಮಾಡುತ್ತಾಳೆ. ಬೆಚ್ಚಗಿರುವಾಗಲೇ ಕೆರೆಯಬೇಕು, ಆರಿದರೆ ಚಕ್ಕೆ ಏಳುತ್ತದೆ.

ಮುರಿದದ್ದಕ್ಕೆ ಮೂರು ದಾರಿ. ಸಣ್ಣ ಚೂರು ತಮ್ಮನ ಬಾಯಿಗೆ. ದೊಡ್ಡದು ಮತ್ತೆ ಬಾಣಲೆಗೆ, ನೀರು ಬೆರೆಸಿ. ಹಾಗೆ ಮತ್ತೆ ಮತ್ತೆ ಕುದಿಸಿದ ಪಾಕ ಹಳದಿಗೆ ತಿರುಗುತ್ತದೆ, ಹದಕ್ಕೂ ಬರುವುದಿಲ್ಲ. ಅದು ಕೊನೆಗೆ ಕಾಫಿಗೆ. ಬಾಳೆಗೊನೆ ಮುರಿಯುವುದೇ ಇಲ್ಲ. ನವಿಲು ಹೆಚ್ಚು ಮುರಿಯುತ್ತದೆ. ಆದರೂ ಈ ಮನೆಯಲ್ಲಿ ಬಾಳೆಗೊನೆಗಿಂತ ನವಿಲನ್ನೇ ಜಾಸ್ತಿ ಮಾಡುತ್ತಾರೆ. ಸುಲಭವಾದದ್ದನ್ನು ಬಿಟ್ಟು ಕಷ್ಟದ್ದನ್ನು ಏಕೆ? "ಕೊಟ್ಟಾಗ ನೋಡ್ತಾರಲ್ಲ ಮಾಮ" ಎಂದಳು ಹುಡುಗಿ.

*

ಉತ್ತರ ಕರ್ನಾಟಕದ ಗೆಳೆಯರಿಗೆ ಈ ವಿಷಯ ಹೇಳಿದರೆ ಅವರಿಗೆ ನೆನಪಾಗುವುದು ಸಂಕ್ರಾಂತಿಯಲ್ಲ, ಗೌರಿ ಹುಣ್ಣಿಮೆ. ದೀಪಾವಳಿಯ ನಂತರದ ಆ ಹುಣ್ಣಿಮೆಗೆ ಅಲ್ಲಿ ಸಕ್ಕರೆ ಆರತಿ. ಇದೇ ಬಗೆಯ ಮರದ ಅಚ್ಚು, ಇದೇ ಪಾಕ. ಆದರೆ ಕೆಂಪು, ಹಳದಿ, ಹಸಿರು ಬಣ್ಣ ಸೇರುತ್ತದೆ. ಹೆಣ್ಣುಮಕ್ಕಳು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜತೆ ಸಕ್ಕರೆ ಆರತಿ ತರುತ್ತಾರೆ. ಅವರ ಸಂಕ್ರಾಂತಿಗೆ ಕುಸುರೆಳ್ಳು; ಎಳ್ಳಿನ ಮೇಲೆ ಪಾಕ ಹನಿಹನಿಯಾಗಿ ಏರಿಸಿ ಮುಳ್ಳು ಬರಿಸುವ ಕೆಲಸ. ಉತ್ತರ ಭಾರತದಲ್ಲಿ ದೀಪಾವಳಿಗೆ ಅರಳು, ಬತ್ತಾಸಿನ ಜತೆ ಸಕ್ಕರೆಯ ಆನೆ ಕುದುರೆಗಳು. ಅವುಗಳನ್ನು ಅಲ್ಲಿ ಆಟಿಕೆ ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಯುಗಾದಿಯ ಗುಡಿಗೆ ಸಕ್ಕರೆಯ ಹಾರ.

ಹಬ್ಬ ಬೇರೆ, ದೇವರು ಬೇರೆ, ತಿಂಗಳು ಬೇರೆ. ಸಕ್ಕರೆಗೆ ರೂಪ ಕೊಡುವ ಆಸೆ ಮಾತ್ರ ಒಂದೇ. 1040ರ ದಶಕದ ಕೊನೆಯಲ್ಲಿ ಕೈರೋದಲ್ಲಿದ್ದ ಪರ್ಷಿಯಾದ ಪ್ರವಾಸಿ ನಾಸಿರ್ ಖುಸ್ರೋ, ಸುಲ್ತಾನನ ಹಬ್ಬದೂಟಕ್ಕೆ ಪೂರ್ತಿ ಸಕ್ಕರೆಯಲ್ಲೇ ಮಾಡಿ ನಿಲ್ಲಿಸಿದ್ದ ಕಿತ್ತಳೆ ಮರವನ್ನು ಕಂಡು ಬರೆದಿದ್ದಾನೆ. ಬೆಲ್ಲಕ್ಕೆ ಇದು ಆಗದು. ಬೆಲ್ಲದ ಅಚ್ಚೂ ಅಚ್ಚೇ, ಆದರೆ ಅದು ಚೌಕ ಇಲ್ಲವೇ ಉಂಡೆ. ಅದರಲ್ಲಿ ಉಳಿದ ಕಾಕಂಬಿ ತೇವ ಹೀರುತ್ತದೆ, ಗೆರೆ ಕರಗುತ್ತದೆ. ಗರಿ ಬಿಡಿಸಿದ ನವಿಲು ಬೆಲ್ಲದಲ್ಲಿ ಹೆಚ್ಚು ದಿನ ನವಿಲಾಗಿ ಉಳಿಯುವುದಿಲ್ಲ. ಮೊದಲ ದಿನ ಬರೆದುಕೊಂಡ ಪ್ರಶ್ನೆಗೆ ಉಳಿದರ್ಧ ಉತ್ತರ ಇದೇ ಇರಬೇಕು. ಕಸ ತೆಗೆದ ಸಕ್ಕರೆಯೊಂದೇ ಗೆರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

*

ಶುಕ್ರವಾರ. ಕಬ್ಬಾಳಮ್ಮನ ಗುಡಿ ಮುಂದೆ ಜನ. ಅಂಗಡಿಗಳಲ್ಲಿ ಕಡ್ಲೆಪುರಿ, ಬೆಂಡು, ಬತ್ತಾಸು, ಕಲ್ಯಾಣಸೇವೆ. ಬತ್ತಾಸೂ ಸಕ್ಕರೆ ಪಾಕವೇ, ಹನಿಯಾಗಿ ಬಿದ್ದು ಉಬ್ಬಿದ್ದು. ಅದಕ್ಕೆ ಅಚ್ಚಿಲ್ಲ, ಮುಖವಿಲ್ಲ. ಕೊಂಡವರು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಪೇಟೆಯ ಸಕ್ಕರೆ ಅಚ್ಚೂ ಇತ್ತು. ತೆಳ್ಳಗೆ, ಒಂದು ಬದಿ ಚಪ್ಪಟೆ. ಆನೆಗೆ ಕಣ್ಣಿಲ್ಲ. ನನಗೆ ಬೇಸರವಾಯಿತು.

*

ಅಮೆರಿಕದಲ್ಲಿರುವ ತಂಗಿಯ ಮಗಳ ಜತೆ ಫೋನಿನಲ್ಲಿ ಮಾತು. ಕ್ರಿಸ್‌ಮಸ್‌ಗೆ ಅಕ್ಕಪಕ್ಕದ ಮಕ್ಕಳೆಲ್ಲ ಅವಳ ಅಡುಗೆಮನೆಯಲ್ಲಿ ಸೇರಿ ಸಕ್ಕರೆ ಕುಕ್ಕಿ ಮಾಡಿದರಂತೆ. ಬೆಣ್ಣೆ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ಲಟ್ಟಿಸಿ, ನಕ್ಷತ್ರ, ಮರ, ಗಂಟೆಯ ಆಕಾರದ ತಗಡಿನಿಂದ ಕತ್ತರಿಸಿ, ಬೇಯಿಸಿ, ಆರಿದ ಮೇಲೆ ಬಣ್ಣದ ಸಕ್ಕರೆಯಿಂದ ಕಣ್ಣು ಮೂಗು ಬಿಡಿಸುವುದು. ಮೂರು ವಾರ ಕಳೆದ ಮೇಲೆ ಅದೇ ಅಡುಗೆಮನೆಯಲ್ಲಿ ಸಿಲಿಕೋನ್ ಅಚ್ಚಿನಲ್ಲಿ ಸಂಕ್ರಾಂತಿಯ ಪಾಕ. ಸಿಲಿಕೋನ್ ಬಗ್ಗುತ್ತದೆ, ನೆನೆಸುವುದು ಬೇಡ, ಅಂಟುವುದಿಲ್ಲ. ಆದರೆ ಒಂದೇ ಹೋಳು; ಗುಲಾಬಿ ಬರುತ್ತದೆ, ನಿಂತ ಆನೆ ಬರುವುದಿಲ್ಲ.

ಅವಳ ಮಾತು ಕೇಳುತ್ತಾ ಒಂದು ವ್ಯತ್ಯಾಸ ಹೊಳೆಯಿತು. ಕುಕ್ಕಿಯ ತಗಡು ಅಂಚು ಮಾತ್ರ ಕೊಡುತ್ತದೆ, ಅಲಂಕಾರ ಮಗುವಿನ ಕೈಯದು. ಮಂಗಳೂರಿನ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರಿನಲ್ಲಿ ಹೂವಿನ ಆಕಾರದ ಕಬ್ಬಿಣದ ಅಚ್ಚನ್ನೇ ಹಿಟ್ಟಿಗೆ ಅದ್ದಿ ಎಣ್ಣೆಗೆ ಇಳಿಸುತ್ತಾರೆ. ಜರ್ಮನಿಯ ಸ್ಪ್ರಿಂಗರ್ಲೆ ಬಿಸ್ಕತ್ತಿಗೆ ನಮ್ಮ ಹಾಗೇ ಕೆತ್ತಿದ ಮರ ಇದೆ; ಅದನ್ನು ಹಿಟ್ಟಿನ ಮೇಲೆ ಒತ್ತಿ, ಚಿತ್ರ ಕೆಡದಿರಲೆಂದು ರಾತ್ರಿಯೆಲ್ಲ ಒಣಗಿಸಿ, ಆಮೇಲೆ ಬೇಯಿಸುತ್ತಾರೆ. ಕಬ್ಬಾಳಿನ ನವಿಲಿಗೆ ಅಲಂಕಾರವೆಲ್ಲ ಎಂದೋ ಕೆತ್ತಿದವನ ಕೈಯಲ್ಲೇ ಮುಗಿದಿದೆ. ಇಲ್ಲಿ ಮಾಡುವವರ ಕೆಲಸ ಅದನ್ನು ಒಂದು ಗೆರೆಯೂ ಬಿಡದೆ ಹೊರತರುವುದು. ಕುಕ್ಕಿ, ನವಿಲು ಇವೆರಡರಲ್ಲಿ ಯಾವುದು ಹೆಚ್ಚು ಎಂದು ನಾನು ಹೇಳಲಾರೆ. ಆದರೆ ಎರಡನೆಯದರಲ್ಲಿ ಕೆತ್ತುವವನು ಹೋದರೆ ಎಲ್ಲವೂ ಹೋಗುತ್ತದೆ.

*

ಹಬ್ಬದ ಸಂಜೆ. ಎಳ್ಳು ಬೀರಲು ಹೊರಟ ಹುಡುಗಿಯರು ರೇಷ್ಮೆ ಲಂಗದಲ್ಲಿ. ತಟ್ಟೆಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ. ಹೊಸದಾಗಿ ಮದುವೆಯಾದ ಪಕ್ಕದ ಮನೆಯವರು ಬಾಳೆಹಣ್ಣನ್ನೂ ಸೇರಿಸಿ ಕೊಡುತ್ತಿದ್ದಾರೆ. ಈ ಮನೆಯ ನವಿಲು ಆ ಮನೆಗೆ ಹೋಯಿತು, ಆ ಮನೆಯ ತುಳಸಿಕಟ್ಟೆ ಇಲ್ಲಿಗೆ ಬಂತು. ರಾತ್ರಿ ಲೆಕ್ಕ ಹಾಕಿದರೆ ಕೊಟ್ಟಷ್ಟೇ ಬಂದಿದೆ. ತಿನ್ನಲಿಕ್ಕಾದರೆ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು.

ಯಾರೂ ತಿನ್ನುತ್ತಿಲ್ಲ. ಎಳ್ಳಿನ ಪೊಟ್ಟಣ ಆಗಲೇ ಖಾಲಿ, ಅಚ್ಚುಗಳು ಗೂಡಿನಲ್ಲಿ ಸಾಲಾಗಿ ನಿಂತಿವೆ. ಮಕ್ಕಳು ಒಂದೊಂದನ್ನೂ ತಿರುಗಿಸಿ ನೋಡಿ, ಇದು ಯಾರ ಮನೆಯದು, ಇದರ ಗೆರೆ ಚೆನ್ನಾಗಿ ಬಂದಿದೆ, ಇದರ ಏಣು ಕೆರೆದಿಲ್ಲ ಎಂದು ಹೇಳುತ್ತಿದ್ದಾರೆ. ಅಜ್ಜಿಯೂ ಕನ್ನಡಕ ಹಾಕಿಕೊಂಡು ನೋಡಿದರು. ಕಿಚ್ಚೇ ಹಬ್ಬ ಎಂದಿದ್ದವರು, "ನಮ್ ನವ್ಲೇ ಚೆಂದಾಗೈತೆ ಬುಡು" ಎಂದರು.

*

ಮರುದಿನ. ಅಚ್ಚುಗಳನ್ನು ಬರಿಯ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತಿದ್ದಾರೆ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಅಟ್ಟದಲ್ಲೇ ಬಿಟ್ಟರೂ ಸೀಳುತ್ತದೆ, ಹುಳ ಬೀಳುತ್ತದೆ, ಹೋಳು ಸೊಟ್ಟಗಾಗಿ ಕೂಡುವುದಿಲ್ಲ. ವರ್ಷಕ್ಕೊಮ್ಮೆ ನೀರು ಕುಡಿದು ಬಿಸಿ ಪಾಕ ಕಂಡರಷ್ಟೇ ಅಚ್ಚು ಉಳಿಯುತ್ತದೆ ಎಂಬುದು ಸೊಸೆಯ ಅನುಭವ. ಮನೆಗಳಲ್ಲಿ ಅಚ್ಚನ್ನು ಹಳೆಯ ವಸ್ತು ಎಂದು ಜೋಪಾನ ಮಾಡಿ ಎತ್ತಿಡುವವರಿಗೆ ನಾನು ಇದನ್ನು ಹೇಳಬೇಕು.

ಆನೆಯ ಒಂದು ಹೋಳಿನಲ್ಲಿ ಕಾಲಿನಿಂದ ಕಿವಿಯವರೆಗೆ ಕೂದಲೆಳೆಯ ಬಿರುಕು. ಇನ್ನೆಷ್ಟು ಹಬ್ಬ ತಡೆಯುತ್ತದೋ. ಹೊಸದು ಯಾರು ಕೆತ್ತಿಕೊಡುತ್ತಾರೆ? ಬಿಡದಿ ಹತ್ತಿರ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಕುಶಲಕರ್ಮಿಗಳ ತರಬೇತಿ ಕೇಂದ್ರವಿದೆ. ಕಲ್ಲಿನಲ್ಲಿ, ಮರದಲ್ಲಿ ಕೆತ್ತನೆ ಕಲಿಸುತ್ತಾರೆ. ಇದೇ ಜಿಲ್ಲೆ, ಇದೇ ಮರ, ಉಳಿ. ಅಲ್ಲಿಗೆ ಹೋಗಿ ಕೇಳುವುದು ಎಂದು ಸೊಸೆ ಮತ್ತು ನಾನು ಮಾತಾಡಿಕೊಂಡೆವು. ಕೆತ್ತುವವರಿಗೆ ಏನು ಹೇಳಬೇಕೆಂದು ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ.

ಹಳ್ಳದ ಗೋಡೆ ಎಲ್ಲ ಕಡೆ ಹೊರಕ್ಕೆ ವಾಲಿರಬೇಕು, ಒಳಕ್ಕೆ ಮಡಿಸಬಾರದು; ಮಡಿಸಿದರೆ ಆನೆ ಹೊರಗೆ ಬರುವುದಿಲ್ಲ. ಬಾಯಿ ಪಾದದ ಕಡೆ, ಹೆಬ್ಬೆರಳಿನಷ್ಟು ಅಗಲ. ಗೂಟ ಎರಡೂ ಒಂದೇ ಗಾತ್ರ ಬೇಡ, ಹೋಳು ತಿರುಗಾಮುರುಗಾ ಕೂಡಿಬಿಡುತ್ತದೆ. ಸೊಂಡಿಲು ಗಾಳಿಯಲ್ಲಿ ಎತ್ತಿರುವುದು ಬೇಡ, ಮುಂಗಾಲಿಗೆ ಅಂಟಿ ಇಳಿದಿರಲಿ. ಕಣ್ಣು ಮಾತ್ರ ಆಳವಾಗಿ ಕೆತ್ತಿ.